ಶಾಲೆಗಳ ತಾರತಮ್ಯ

ಸಂಸ್ಕೃತದಲ್ಲಿ ಎರಡು ವಸ್ತುಗಳೊಳಗೆ ಒಂದು ಹೆಚ್ಚೆನ್ನುವಾಗ ‘ತರ’ ಎಂಬ ಪ್ರತ್ಯಯವೂ, ಹಲವುಗಳೊಳಗೆ ಒಂದು ಹೆಚ್ಚೆನ್ನುವಾಗ ‘ತಮ’ ಎಂಬ ಪ್ರತ್ಯಯವೂ ಬರುವುವು. ಇವೆರಡೂ ಕೂಡಿ ಹುಟ್ಟಿದ ಮಾತು ತಾರತಮ್ಯ. ಹೆಚ್ಚು ಕಡಿಮೆಗಳನ್ನು ವಿವೇಚಿಸಿ ತಿಳಿಯುವುದೆಂಬುದೇ ಅದರ ಮೊದಲಿನ ಅರ್ಥ. ತಾರತಮ್ಯಜ್ಞಾನವುಳ್ಳವನೆಂದರೆ ವಿವೇಕಿಯೆಂದೇ ಹಿರಿಯರು ಗ್ರಹಿಸುತ್ತಿದ್ದರು. ಇಂದಿನ ಕನ್ನಡದಲ್ಲಾದರೋ ತಾರತಮ್ಯವೆಂದರೆ ಪಕ್ಷಪಾತ. ಒಂದೇ ಪಂಕ್ತಿಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬನಿಗೆ ತುಪ್ಪವನ್ನೂ ಇನ್ನೊಬ್ಬನಿಗೆ ನೀರನ್ನೂ ಬಡಿಸುವ ಅನ್ಯಾಯ. ವಿವೇಕಕ್ಕೆ ಹೆಸರಾಗಿದ್ದ ಶಬ್ದವು ಅನ್ಯಾಯಕ್ಕೆ ಹೆಸರಾದುದು ಹೇಗೆ? ಶಬ್ದವು ಹೀಗೆ ಜಾರಿದುದು ಬರಿಯ ಆಕಸ್ಮಿಕವಲ್ಲವೆಂಬುದು, ಜನರು ಪ್ರೌಢಶಾಲೆಗಳನ್ನು ಹೋಲಿಸುವ ಬಗೆಯನ್ನು ನೋಡಿದರೆ ತಿಳಿದುಬರುವುದು.

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮರುದಿನ ಚಾಮರಾಜನಗರದ ಬೀದಿಗಳಲ್ಲಾಗಲಿ ಗುಂಡ್ಲುಪೇಟೆಯ ಬಸ್ ನಿಲ್ದಾಣದ ಸುತ್ತಮುತ್ತಲಾಗಲಿ ನಡೆದುಹೋಗುವವನಿಗೆ ಕಿವಿಗೆ ಬೀಳುವ ಮಾತು ಒಂದೇ: ಯಾವ ಶಾಲೆಗೆ ನೂರಕ್ಕೆ ಎಷ್ಟು? ೬೨೫ ಅಂಕಗಳಲ್ಲಿ ಯಾರಿಗೆ ಎಷ್ಟು? ಅಂಕ ಹೆಚ್ಚು ಬಂದ ಮಕ್ಕಳ ಭಾವಚಿತ್ರಗಳು ಕೂಡುರಸ್ತೆಗಳಲ್ಲಿ ತೂಗುವುವು. ಅವುಗಳ ಕೆಳಗೆ ಶಾಲೆಯ ಹೆಸರಿರುವುದು. ಮುಂದಿನ ವರ್ಷ ಎಂಟನೆಯ ತರಗತಿಗೆ ಮಗುವನ್ನು ಸೇರಿಸಬೇಕಾದ ಗೃಹಸ್ಥನು ಆ ಚಿತ್ರಗಳನ್ನು ನಿಂತು ನೋಡಿ, ಮನಸ್ಸಿನಲ್ಲಿಯೇ ಶಾಲೆಗಳನ್ನು ಮೇಲಿನವು ಕೆಳಗಿನವು ಎಂದು ಸಾಲಾಗಿ ನಿಲ್ಲಿಸಿಕೊಂಡು ಮನೆಗೆ ಹೋಗುವನು. ಆ ಸಾಲಿನ ಕೊನೆಯಲ್ಲಿ ಅನೇಕ ವೇಳೆ ಸರ್ಕಾರಿ ಪ್ರೌಢಶಾಲೆಯೊಂದು ನಿಂತಿರುವುದು. ಈ ನಿರ್ಣಯ ಸರಿಯೆ? ಸರಿಯಾದರೂ ಆಗದಿದ್ದರೂ, ಅದರಿಂದ ಹುಟ್ಟುವ ಕರ್ತವ್ಯವೇನು? ವಿಚಾರಮಾಡತಕ್ಕವು ಈ ಎರಡು ಪ್ರಶ್ನೆಗಳು.

ಫಲವನ್ನು ಕಂಡು ಕಾರಣವನ್ನು ಊಹಿಸುವುದರಲ್ಲಿ ಆಗುವ ತಪ್ಪಿಗೆ ಉದಾಹರಣೆಯನ್ನು ಈ ಊರಿನವರು ದೂರ ಹುಡುಕಬೇಕಾಗಿಲ್ಲ. ಅರಿಕುಠಾರವೆಂಬ ಹೆಸರಿದ್ದ ಊರು ೧೮೧೮ರಲ್ಲಿ ಚಾಮರಾಜನಗರವಾಯಿತು. ೧೯೯೭ರಲ್ಲಿ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯು ಅಧಿಕಾರವನ್ನು ಕಳೆದುಕೊಳ್ಳುವನೆಂಬ ಮಾತು ಬಹುಕಾಲ ರಾಜ್ಯದಲ್ಲೆಲ್ಲಾ ಹಬ್ಬಿದ್ದಿತು. ಬಂದವರು ಕೆಲವರು ಅಧಿಕಾರವನ್ನು ಕಳೆದುಕೊಂಡದ್ದು ನಿಜ. ಆದರೆ ಬಾರದೆ ಉಳಿದವರೂ ಕಳೆದುಕೊಂಡರಷ್ಟೆ. ಸಿದ್ದರಾಮಯ್ಯನವರು ೨೦೧೩ರಿಂದ ೨೦೧೮ರ ವರೆಗಿನ ಅವಧಿಯಲ್ಲಿ ಹಲವು ಬಾರಿ ಬಂದುಹೋಗಿ, ಐದು ವರ್ಷಗಳನ್ನು ಪೂರೈಸಿದರು. ಕಾಗೆ ಕುಳಿತಾಗ ತಾಳೆಯ ಹಣ್ಣು ಬಿದ್ದರೆ, ಕಾಗೆಯೇ ಬೀಳಿಸಿತೆಂದು ತಿಳಿಯುವುದನ್ನು ಶಾಸ್ತ್ರಜ್ಞರು ಕಾಕತಾಲೀಯವೆಂದು ಕರೆದರು. ತನ್ನ ಊರಿಗೆ ಹೀಗೆ ಅಪವಾದ ಬಂದಾಗ ನೊಂದ ನಾಗರಿಕನು, ತನ್ನದೇ ಊರಿನ ಶಾಲೆಯೊಂದರ ಮೇಲೆ ಅಷ್ಟೇ ತೆಳುವಾದ ಆಧಾರದಿಂದ ಅಪವಾದವನ್ನು ಹೊರಿಸುವಾಗ ತಡೆದು ಯೋಚಿಸುವುದಿಲ್ಲ.

ಶಾಲೆಯ ವಿಷಯದಲ್ಲಿ ನಡೆಯುವ ತಪ್ಪು ಕಾಕತಾಲೀಯಕ್ಕಿಂತಲೂ ಸೂಕ್ಷ್ಮವಾದುದು. ಅದನ್ನು ತಿಳಿಯಲು ತರ್ಕಶಾಸ್ತ್ರದ ಉಪಾಧಿಯೆಂಬ ಮಾತು ನೆರವಾಗುವುದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ಸರಿ. ಆದರೆ ಬೆಂಕಿಯನ್ನು ಕಂಡಮಾತ್ರಕ್ಕೆ ಹೊಗೆಯುಂಟೆಂದು ಹೇಳಲಾಗದು; ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿಯ ಸೌದೆಯೂ ಕೂಡಬೇಕು. ಹೀಗೆ ಎರಡರ ನಡುವೆ ಕಾಣದಂತೆ ನಿಂತು ಅವುಗಳ ಸಂಬಂಧವನ್ನು ನಡೆಯಿಸುವ ಮೂರನೆಯ ವಸ್ತುವೇ ಉಪಾಧಿ. ‘ಈ ಶಾಲೆಯ ಫಲಿತಾಂಶ ಹೆಚ್ಚು, ಆದಕಾರಣ ಇಲ್ಲಿಯ ಬೋಧನೆ ಹೆಚ್ಚು’ ಎಂಬ ಅನುಮಾನದಲ್ಲಿಯೂ ಅಂತಹುದೊಂದು ಅಡಗಿದೆ. ಅದು ಮಗುವಿನ ಮನೆ.

ಮನೆಯೆಂಬ ಈ ಉಪಾಧಿ ಈ ಜಿಲ್ಲೆಯಲ್ಲಿ ಎಷ್ಟು ಬಲವಾದುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೧೧ರ ಜನಗಣತಿಯಲ್ಲಿ ರಾಜ್ಯದಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು ೭೫ ಇದ್ದಾಗ ಚಾಮರಾಜನಗರ ಜಿಲ್ಲೆಯಲ್ಲಿ ಸುಮಾರು ೬೧. ಹೆಂಗಸರಲ್ಲಿ ಸುಮಾರು ೫೫. ಎಂದರೆ ಇಂದು ಹತ್ತನೆಯ ತರಗತಿಯಲ್ಲಿ ಕುಳಿತಿರುವ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲಿ ಮೊದಲಿಗರು. ಗುಂಡ್ಲುಪೇಟೆಯ ಸೀಮೆಯಲ್ಲಿ ಚೆಂಡುಹೂ, ಈರುಳ್ಳಿ, ಅರಿಸಿನಗಳ ಬೆಳೆಯುಂಟು; ಓಣಂ ಹಬ್ಬಕ್ಕೆ ಮುನ್ನ ಹೂ ಕೀಳುವ ಸುಗ್ಗಿಯಲ್ಲಿ ಮನೆಯ ಪ್ರತಿಯೊಂದು ಕೈಯೂ ಹೊಲಕ್ಕೆ ಬೇಕು. ಕೂಲಿಗಾಗಿ ಗಡಿ ದಾಟಿ ವಯನಾಡಿಗೂ ನೀಲಗಿರಿಗೂ ಹೋಗುವ ತಂದೆತಾಯಿಗಳ ಮಕ್ಕಳು ಅಜ್ಜಿಯ ಆಶ್ರಯದಲ್ಲಿರುವರು. ಚಾಮರಾಜನಗರದ ಸುತ್ತ ಕರಿಕಲ್ಲಿನ ಗಣಿಗಳುಂಟು, ರೇಷ್ಮೆಯ ಮನೆಗಳುಂಟು. ಕಾಡಿನ ಅಂಚಿನ ಹಾಡಿಗಳಿಂದಲೂ ಸೋಲಿಗರ ಪೋಡುಗಳಿಂದಲೂ ಬರುವ ಮಕ್ಕಳಿಗೆ ಸಂಜೆಯ ದಾರಿಯೇ ಒಂದು ಪರೀಕ್ಷೆ. ೨೦೨೩ರ ಜೂನ್ ತಿಂಗಳಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದುದು ದೊಡ್ಡ ಉಪಕಾರವೇ ಸರಿ. ಆದರೆ ಬಸ್ಸೇ ಬಾರದ ಸಂಜೆಯಲ್ಲಿ ಆ ಉಪಕಾರವೂ ನಿಲ್ದಾಣದಲ್ಲಿಯೇ ಕಾಯುತ್ತ ನಿಲ್ಲುವುದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಕಚೇರಿಯಲ್ಲಿ ಉದ್ಯೋಗಸ್ಥ, ತಾಯಿ ಪದವೀಧರೆ. ಸಂಜೆ ಮಗುವಿಗೆ ಒಂದು ಮೇಜು, ಒಂದು ದೀಪ, ಸಂದೇಹ ಬಂದರೆ ಹೇಳಿಕೊಡಲು ಒಬ್ಬರು. ಸಾಲದಿದ್ದರೆ ಹಣ ಕೊಟ್ಟು ಮನೆಪಾಠ. ಈ ಮಗುವಿಗೆ ೫೮೦ ಅಂಕ ಬಂದಿತು. ಹೂ ಕಿತ್ತು, ತಮ್ಮನನ್ನು ನೋಡಿಕೊಂಡು, ದೂರದಿಂದ ನಡೆದುಬಂದ ಹುಡುಗಿಗೆ ೩೯೦ ಬಂದಿತು ಎಂದಿಟ್ಟುಕೊಳ್ಳೋಣ. ಯಾವ ಶಾಲೆ ಹೆಚ್ಚು ದುಡಿಯಿತು? ಇಬ್ಬರೂ ಎಂಟನೆಯ ತರಗತಿಯ ಬಾಗಿಲಿಗೆ ಬಂದಾಗ ಎಲ್ಲಿದ್ದರೆಂಬುದು ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ. ಬಂಡಿ ತಲಪಿದ ಊರನ್ನು ಮಾತ್ರ ಕೇಳಿ ಎತ್ತುಗಳ ಬಲವನ್ನು ಅಳೆಯಲಾಗದು. ಎಲ್ಲಿಂದ ಹೊರಟಿತು, ದಾರಿಯಲ್ಲಿ ಏರೆಷ್ಟು, ಹೇರೆಷ್ಟು ಎಂಬುದನ್ನೂ ಕೇಳಬೇಕು.

ಇನ್ನು ಕೆಲವು ಶಾಲೆಗಳು ಮಕ್ಕಳನ್ನು ಆರಿಸಿಕೊಳ್ಳುವುವು. ಹೊಂಡರಬಾಳಿನ ಜವಾಹರ ನವೋದಯ ವಿದ್ಯಾಲಯಕ್ಕೆ ಆರನೆಯ ತರಗತಿಯಲ್ಲಿ ಪ್ರವೇಶಪರೀಕ್ಷೆಯಿಂದ ಆಯ್ಕೆ. ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದ ಸ್ಥಾನಗಳು ಗ್ರಾಮಾಂತರದ ಮಕ್ಕಳಿಗೆ ಮೀಸಲಾಗಿರುವುದರಿಂದ ಅದು ನ್ಯಾಯವಾದ ಏರ್ಪಾಡೇ. ಮೊರಾರ್ಜಿ ದೇಸಾಯಿ ವಸತಿಶಾಲೆಗಳಿಗೂ ಪ್ರವೇಶಪರೀಕ್ಷೆಯುಂಟು. ಇವು ಬಡಮಕ್ಕಳಿಗೆ ಮಾಡಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಜರಡಿ ಹಿಡಿದ ಕಾಳಿನ ರಾಶಿಯನ್ನೂ ಜರಡಿ ಹಿಡಿಯದ ರಾಶಿಯನ್ನೂ ಪಕ್ಕದಲ್ಲಿಟ್ಟು, ಎರಡನೆಯ ಹೊಲದ ಮಣ್ಣು ಕೆಟ್ಟದ್ದೆನ್ನುವುದು ನ್ಯಾಯವಲ್ಲ. ಊರ ಸರ್ಕಾರಿ ಪ್ರೌಢಶಾಲೆಯ ಬಾಗಿಲಲ್ಲಿ ಜರಡಿಯಿಲ್ಲ. ಬೇರೆಡೆಗೆ ಸಲ್ಲದ ಮಗುವೂ, ಅರ್ಧ ವರ್ಷದಲ್ಲಿ ಹಿಂದಿರುಗಿದ ವಲಸೆಯ ಮಗುವೂ ಅಲ್ಲಿಗೇ ಬರತಕ್ಕದ್ದು. ತಳ್ಳದಿರುವುದೇ ಅದರ ಮುಖ್ಯವಾದ ಗುಣ. ಆ ಗುಣಕ್ಕೆ ಯಾವ ಪಟ್ಟಿಯಲ್ಲಿಯೂ ಅಂಕವಿಲ್ಲ.

ಶಿಷ್ಯರ ಮೂಲಕ ಗುರುಗಳನ್ನು ತೂಗುವ ಪ್ರಸಂಗವೊಂದು ಕಾಳಿದಾಸನ ಮಾಳವಿಕಾಗ್ನಿಮಿತ್ರ ನಾಟಕದಲ್ಲಿ ಬರುವುದು. ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಹೆಚ್ಚೆಂಬ ವಿವಾದ. ಶಿಷ್ಯೆಯರ ಪ್ರಯೋಗವನ್ನು ನೋಡಿ ನಿರ್ಣಯಿಸತಕ್ಕದ್ದೆಂದು ಏರ್ಪಾಡಾಯಿತು. ಗಣದಾಸನ ಶಿಷ್ಯೆ ಮಾಳವಿಕೆ ಅಭಿನಯಿಸಿ ಸಭೆಯನ್ನು ಮೆಚ್ಚಿಸಿದಳು. ಹರದತ್ತನ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತೆಂಬ ಘೋಷಣೆ ಕೇಳಿಬಂದು, ಅವನ ಪ್ರಯೋಗವನ್ನು ನೋಡದೆಯೇ ಸಭೆ ಎದ್ದಿತು. ಆ ಸ್ಪರ್ಧೆಯ ಒಳಗುಟ್ಟಾದರೂ ರಾಜನು ಮಾಳವಿಕೆಯನ್ನು ಕಣ್ಣಾರೆ ಕಾಣಬೇಕೆಂಬುದಾಗಿತ್ತೇ ಹೊರತು ಗುರುಗಳ ತಾರತಮ್ಯವಲ್ಲ. ರಸಿಕರು ಈ ಪ್ರಸಂಗವನ್ನು ಓದಿ ನಗುವರು. ಹರದತ್ತನನ್ನು ನೆನೆಯುವವರು ವಿರಳ. ಕೂಡುರಸ್ತೆಯ ಭಾವಚಿತ್ರಗಳೂ ಹೀಗೆಯೇ. ಹೋಲಿಕೆಯ ಹೆಸರಿನಲ್ಲಿ ನಡೆಯುವುದು ಅನೇಕ ವೇಳೆ ಪ್ರದರ್ಶನ. ಒಂದು ಕಡೆಯವರನ್ನು ನೋಡದೆಯೇ ತೀರ್ಪು ಮುಗಿದಿರುವುದು.

ಅಳೆಯುವ ಕೋಲಾದರೂ ಸ್ಥಿರವೆ? ೨೦೨೧ರಲ್ಲಿ ಸಾಂಕ್ರಾಮಿಕದ ಕಾರಣ ಎರಡೇ ದಿನಗಳ ಪರೀಕ್ಷೆ ನಡೆದು, ರಾಜ್ಯದ ಬಹುತೇಕ ಎಲ್ಲ ವಿದ್ಯಾರ್ಥಿಗಳೂ ತೇರ್ಗಡೆಯಾದರು. ೨೦೨೩ರಲ್ಲಿ ರಾಜ್ಯದ ಫಲಿತಾಂಶ ನೂರಕ್ಕೆ ೮೩.೮೯. ೨೦೨೪ರಲ್ಲಿ ಪರೀಕ್ಷಾಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ನೇರವಾಗಿ ನೋಡುವ ಏರ್ಪಾಡಾಯಿತು. ಕೃಪಾಂಕಗಳನ್ನು ಹೆಚ್ಚಿಸಿದಾಗ್ಯೂ ಫಲಿತಾಂಶ ೭೩.೪೦ಕ್ಕೆ ಇಳಿಯಿತು. ಒಂದು ವರ್ಷದೊಳಗಾಗಿ ರಾಜ್ಯದ ಉಪಾಧ್ಯಾಯರೆಲ್ಲರೂ ಪಾಠ ಹೇಳುವುದನ್ನು ಮರೆತರೆ? ಇಲ್ಲ; ಕೋಲು ಬದಲಾಯಿತು. ಕಾವಲು ಸಡಿಲವಾಗಿದ್ದ ಕಡೆ ಹಿಂದೆ ಕಂಡ ಏರಿಕೆಯಲ್ಲಿ ವಿದ್ಯೆಯೆಷ್ಟು, ನಕಲೆಷ್ಟು ಎಂಬ ಸಂದೇಹವನ್ನೂ ಆ ಇಳಿಕೆ ಉಳಿಸಿಹೋಯಿತು. ಇಂತಹ ಕೋಲಿನಿಂದ ಅಳೆದು, ಈ ಶಾಲೆ ಆ ಶಾಲೆಗಿಂತ ನೂರಕ್ಕೆ ನಾಲ್ಕು ಹೆಚ್ಚೆಂದು ಬೀಗುವುದೂ ನಾಲ್ಕು ಕಡಿಮೆಯೆಂದು ಹೀಗಳೆಯುವುದೂ ಸಮನಾದ ಅವಿವೇಕ.

ತಪ್ಪು ಇಷ್ಟಕ್ಕೇ ನಿಂತಿದ್ದರೆ ಅದು ಬರಿಯ ಬುದ್ಧಿಯ ದೋಷವಾಗುತ್ತಿದ್ದಿತು. ಆದರೆ ಇದು ಧರ್ಮದ ದೋಷವಾಗಿಯೂ ಬೆಳೆಯುವುದು. ನೂರಕ್ಕೆ ಎಷ್ಟೆಂಬುದೇ ಮಾನವಾದಮೇಲೆ, ಆ ಮಾನವನ್ನು ಕಾಯಲು ಸುಲಭವಾದ ಉಪಾಯ ದುರ್ಬಲನಿಗೆ ಕಲಿಸುವುದಲ್ಲ, ದುರ್ಬಲನನ್ನು ಲೆಕ್ಕದಿಂದ ತೆಗೆಯುವುದು. ಒಂಬತ್ತನೆಯ ತರಗತಿಯಲ್ಲಿಯೇ ಅವನನ್ನು ನಿಲ್ಲಿಸಬಹುದು. ವರ್ಗಾವಣೆಯ ಪತ್ರವನ್ನು ಕೈಗಿತ್ತು ಬೇರೆಡೆಗೆ ಕಳುಹಿಸಬಹುದು. ಬಾರದಿದ್ದರೆ ಕೇಳದೆ ಸುಮ್ಮನಿರಬಹುದು. ನೂರು ಮಕ್ಕಳು ಎಂಟನೆಯ ತರಗತಿಗೆ ಸೇರಿ, ಎಪ್ಪತ್ತು ಮಂದಿ ಪರೀಕ್ಷೆಗೆ ಕುಳಿತು, ಎಪ್ಪತ್ತು ಮಂದಿಯೂ ತೇರ್ಗಡೆಯಾದ ಶಾಲೆಗೆ ನೂರಕ್ಕೆ ನೂರು. ತೊಂಬತ್ತೈದು ಮಂದಿಯನ್ನು ಪರೀಕ್ಷೆಯ ತನಕ ಕೈಹಿಡಿದು ನಡೆಯಿಸಿ ಎಪ್ಪತ್ತಾರು ಮಂದಿಯನ್ನು ದಾಟಿಸಿದ ಶಾಲೆಗೆ ನೂರಕ್ಕೆ ಎಂಬತ್ತು. ಹೆಚ್ಚು ಮಕ್ಕಳನ್ನು ದಡ ಸೇರಿಸಿದ ಶಾಲೆ ಪಟ್ಟಿಯಲ್ಲಿ ಕೆಳಗೆ ನಿಲ್ಲುವುದು. ಆ ಲೆಕ್ಕದಲ್ಲಿ ಮರೆಯಾದ ಮೂವತ್ತು ಮಂದಿ ಎಲ್ಲಿಗೆ ಹೋದರೆಂದು ಭಾವಚಿತ್ರಗಳ ಕೆಳಗೆ ಬರೆದಿರುವುದಿಲ್ಲ. ಅವರಲ್ಲಿ ಹೆಣ್ಣುಮಕ್ಕಳಿದ್ದರೆ ಹದಿನೆಂಟು ತುಂಬುವ ಮೊದಲೇ ಮದುವೆಯ ಮಾತು ಎದ್ದಿರಲೂಬಹುದು. ರಾಜ್ಯದ ವಿಧಾನಸಭೆಗೆ ೧೯೭೨ರಲ್ಲಿ ಮೊದಲ ಮಹಿಳಾ ಸಭಾಧ್ಯಕ್ಷರಾದ ಕೆ. ಎಸ್. ನಾಗರತ್ನಮ್ಮನವರನ್ನು ಆರಿಸಿ ಕಳುಹಿಸಿದ ಗುಂಡ್ಲುಪೇಟೆಗೆ, ಶಾಲೆಯನ್ನು ಬಿಟ್ಟ ಒಂದೊಂದು ಹುಡುಗಿಯ ಲೆಕ್ಕವನ್ನೂ ಕೇಳುವ ವಿಶೇಷವಾದ ಹೊಣೆಯುಂಟು.

ಎರಡನೆಯ ಕೇಡು ಇನ್ನೂ ಮೆಲ್ಲಗೆ ನಡೆಯುವುದು. ಪಟ್ಟಿಯನ್ನು ನಂಬಿ ವಿದ್ಯಾವಂತರು ಮೊದಲು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ತೆಗೆಯುವರು. ಅವರ ಹಿಂದೆ, ಸಾಲಮಾಡಿಯಾದರೂ, ನಡುತರದವರು. ಮಕ್ಕಳೊಡನೆ ಶಾಲೆಯಿಂದ ಹೊರಟುಹೋಗುವುದು ಇನ್ನೊಂದುಂಟು; ಅದು ಕೇಳುವ ನಾಲಗೆ. ಗಣಿತದ ಉಪಾಧ್ಯಾಯರ ಸ್ಥಾನ ತೆರವಾಗಿದೆಯೆಂದು ಅರ್ಜಿ ಬರೆಯಬಲ್ಲವನು, ಪ್ರಯೋಗಶಾಲೆಯ ಬೀಗ ಏಕೆ ತೆಗೆದಿಲ್ಲವೆಂದು ಮುಖ್ಯೋಪಾಧ್ಯಾಯರನ್ನು ವಿನಯದಿಂದಲೇ ಪ್ರಶ್ನಿಸಬಲ್ಲವನು, ಅವನೇ ಹೊರಟುಹೋದಮೇಲೆ, ಉಳಿದವರಿಗೆ ಹೊಟ್ಟೆಯ ಪಾಡು ಮುಗಿದು ಕೇಳಲು ಬಿಡುವೇ ಇಲ್ಲ. ಕೇಳುವವರಿಲ್ಲದ ಶಾಲೆ ನಿಜವಾಗಿಯೂ ಕೆಡುವುದು. ಆಗ ಹೋದವರು ಹಿಂದಿರುಗಿ ನೋಡಿ, ತಾವು ಮೊದಲೇ ಹೇಳಿರಲಿಲ್ಲವೆ ಎನ್ನುವರು. ಹೀಗೆ ಹೋಲಿಕೆಯೇ ತಾನು ಹೇಳಿದ ಭೇದವನ್ನು ಹುಟ್ಟಿಸುವುದು. ತಾರತಮ್ಯಜ್ಞಾನವು ತಾರತಮ್ಯವಾಗಿ ಮಾರ್ಪಡುವುದು ಈ ಸ್ಥಳದಲ್ಲಿಯೇ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ‘ಮನೆಯ ಸ್ಥಿತಿ, ದಾರಿಯ ದೂರ ಎಂಬ ಈ ಮಾತುಗಳೆಲ್ಲ ಸೋಮಾರಿ ಉಪಾಧ್ಯಾಯನಿಗೆ ಮರೆಯಾಗಲಾರವೆ? ಕೂಲಿಯವನ ಮಗನಿಗೆ ಇಷ್ಟೇ ಸಾಕೆಂದು ಅವನು ಕೈಕಟ್ಟಿ ಕುಳಿತರೆ?’ ಆಕ್ಷೇಪ ಸರಿಯಾದುದೇ. ಉಪಾಧಿಯನ್ನು ತಿಳಿಯುವುದು ಅನುಮಾನವನ್ನು ಶುದ್ಧಪಡಿಸಲಿಕ್ಕಲ್ಲದೆ ಅನುಮಾನವನ್ನೇ ಬಿಡಲಿಕ್ಕಲ್ಲ. ಒಂದೇ ಹೋಬಳಿಯಲ್ಲಿ, ಒಂದೇ ಬಗೆಯ ಮನೆಗಳಿಂದ ಮಕ್ಕಳು ಬರುವ ಎರಡು ಸರ್ಕಾರಿ ಪ್ರೌಢಶಾಲೆಗಳಿದ್ದು, ಒಂದರಲ್ಲಿ ಮಕ್ಕಳು ಉಳಿದು ಇನ್ನೊಂದರಲ್ಲಿ ಬಿಟ್ಟುಹೋಗುತ್ತಿದ್ದರೆ, ಅಲ್ಲಿ ಉಪಾಧಿ ಸಮವಾಗಿದೆ. ಭೇದಕ್ಕೆ ಶಾಲೆಯೇ ಉತ್ತರ ಕೊಡಬೇಕು. ಸಮಾನರನ್ನು ಸಮಾನರೊಡನೆ ಹೋಲಿಸಿದಾಗ ಸೋಮಾರಿತನಕ್ಕೆ ಮರೆಯೂ ಇಲ್ಲ, ಶ್ರಮಕ್ಕೆ ಅಪಮಾನವೂ ಇಲ್ಲ. ಬಡವರ ಮಕ್ಕಳಿಂದ ಕಡಿಮೆಯನ್ನು ನಿರೀಕ್ಷಿಸುವುದು ದಯೆಯ ವೇಷವನ್ನು ಹಾಕಿದ ತಿರಸ್ಕಾರ. ಡಾ. ಎಚ್. ಸುದರ್ಶನರು ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ವೈದ್ಯದಿಂದ ಮೊದಲಾದ ಆ ಕೆಲಸ ಸೋಲಿಗರ ಮಕ್ಕಳ ಶಾಲೆಯಾಗಿಯೂ ಬೆಳೆಯಿತು. ಕಾಡಿನ ಮಕ್ಕಳಿಗೆ ಅಕ್ಷರವೇಕೆಂಬ ಮಾತನ್ನು ಆ ಶಾಲೆ ಒಪ್ಪಲಿಲ್ಲ. ಅವರು ಎಲ್ಲಿಂದ ಬಂದರೆಂಬುದನ್ನು ಮರೆಯಲೂ ಇಲ್ಲ. ಒಳ್ಳೆಯ ಶಾಲೆಗೆ ಈ ಎರಡು ನೆನಪುಗಳೂ ಒಟ್ಟಿಗೆ ಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿಣವಾದುದು. ‘ತಂದೆಯಾದವನು ಊರಿನ ಹಿತಕ್ಕಾಗಿ ತನ್ನ ಮಗುವಿನ ಭವಿಷ್ಯವನ್ನು ಪಣಕ್ಕಿಡಬೇಕೆ?’ ಇಡಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಮಗುವಿಗೆ ಬಾಲ್ಯ ಒಂದೇ ಬಾರಿ. ಶಾಲೆ ಸುಧಾರಿಸುವ ತನಕ ಅದು ಕಾಯುವುದಿಲ್ಲ. ಕಣ್ಣೆದುರಿಗೆ ಪಾಠ ನಡೆಯದ ಶಾಲೆಯಿದ್ದರೆ ಅಲ್ಲಿಂದ ಮಗುವನ್ನು ತೆಗೆಯುವ ತಂದೆ ತಪ್ಪಿತಸ್ಥನಲ್ಲ. ಆದರೆ ಆಯ್ಕೆಮಾಡುವುದು ಗೃಹಸ್ಥನ ಒಂದು ಧರ್ಮವಾದರೆ, ಆಯ್ಕೆಮಾಡಲಾರದವರನ್ನು ಮರೆಯದಿರುವುದು ಅವನ ಇನ್ನೊಂದು ಧರ್ಮ. ತನ್ನ ಮಗುವನ್ನು ಬೇರೆ ಶಾಲೆಗೆ ಕಳುಹಿಸಿದಮಾತ್ರಕ್ಕೆ ಊರಿನ ಶಾಲೆಯೊಡನೆ ಇದ್ದ ಋಣ ತೀರಲಿಲ್ಲ. ಸ್ವಂತ ಬಾವಿಯನ್ನು ತೋಡಿಸಿಕೊಂಡವನು ಊರ ಕೆರೆಯ ಏರಿ ಒಡೆದಾಗ ಸುಮ್ಮನೆ ಮನೆಯಲ್ಲಿ ಕುಳಿತಿರುವುದುಂಟೆ? ಕೆರೆ ಬತ್ತಿದರೆ ಅವನ ಬಾವಿಗೂ ಊಟೆಯಿಲ್ಲ.

ಹೋಲಿಕೆಯಲ್ಲಿ ಹೀಗೆ ಎರಡು ಬಗೆಯುಂಟು: ಆರಿಸಿಕೊಳ್ಳಲು ಮಾಡುವ ಹೋಲಿಕೆ, ಕೊಡಲು ಮಾಡುವ ಹೋಲಿಕೆ. ಎರಡನೆಯದಕ್ಕೆ ಈ ರಾಜ್ಯದಲ್ಲಿಯೇ ದೊಡ್ಡ ನಿದರ್ಶನವುಂಟು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಒಪ್ಪಿಸಿದ ವರದಿಯಲ್ಲಿ ಅಂದಿನ ೧೭೫ ತಾಲ್ಲೂಕುಗಳನ್ನು ಒಂದರೊಡನೊಂದು ತೂಗಿ, ೧೧೪ ತಾಲ್ಲೂಕುಗಳು ಹಿಂದುಳಿದಿವೆಯೆಂದು ನಿರ್ಣಯಿಸಿತು. ಅದೂ ತಾರತಮ್ಯವೇ. ಆದರೆ ಮುಂದಿರುವ ತಾಲ್ಲೂಕಿಗೆ ಹಾರ ಹಾಕುವುದು ಅದರ ಉದ್ದೇಶವಾಗಿರಲಿಲ್ಲ. ಹಿಂದಿರುವುದಕ್ಕೆ ಎಷ್ಟು ಹೆಚ್ಚಾಗಿ ಕೊಡಬೇಕೆಂದು ತಿಳಿಯುವುದಾಗಿತ್ತು. ವೈದ್ಯನು ಇಬ್ಬರು ರೋಗಿಗಳ ನಾಡಿಯನ್ನು ಹಿಡಿದು ಹೋಲಿಸುವುದು ಆರೋಗ್ಯವಂತನನ್ನು ಹೊಗಳುವುದಕ್ಕಲ್ಲ. ಶಾಲೆಗಳ ಪಟ್ಟಿಯನ್ನೂ ಅದೇ ದೃಷ್ಟಿಯಿಂದ ಓದಿದರೆ, ಕೊನೆಯ ಹೆಸರಿನ ಮೇಲೆ ಬೀಳುವ ನೋಟ ತಿರಸ್ಕಾರದ್ದಾಗದೆ ಕರ್ತವ್ಯದ್ದಾಗುವುದು.

ಆ ಕರ್ತವ್ಯ ಹೊರಲಾರದಷ್ಟು ಭಾರವಾದುದೇನೂ ಅಲ್ಲ. ೨೦೦೧ರಲ್ಲಿ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಏರ್ಪಾಡು ಬಂದಿತು; ಪೋಷಕರಲ್ಲದ ನಾಗರಿಕರೂ ಶಾಲೆಯ ಹಿತಚಿಂತಕರಾಗಿ ಅಲ್ಲಿಗೆ ಹೋಗಿ ವಿಚಾರಿಸುವುದಕ್ಕೆ ಅಡ್ಡಿಯಿಲ್ಲ. ನೂರಕ್ಕೆ ಎಷ್ಟೆಂಬ ಒಂದು ಪ್ರಶ್ನೆಗೆ ಬದಲಾಗಿ ಅವರು ಕೆಲವು ಪ್ರಶ್ನೆಗಳನ್ನು ಕೇಳಬಹುದು. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರು? ಕುಳಿತುಕೊಳ್ಳದವರು ಎಲ್ಲಿರುವರು? ಹೂವಿನ ಸುಗ್ಗಿಯಲ್ಲಿ ಪಾಠ ತಪ್ಪಿದವರಿಗೆ ಮತ್ತೆ ಪಾಠ ನಡೆಯಿತೆ? ಯಾವ ವಿಷಯಕ್ಕೆ ಉಪಾಧ್ಯಾಯರಿಲ್ಲ, ಎಷ್ಟು ದಿನದಿಂದ? ಪುಸ್ತಕಗಳು ಕಪಾಟಿನಲ್ಲಿರುವುವೋ ಮಕ್ಕಳ ಕೈಯಲ್ಲಿರುವುವೋ? ಸಂಜೆ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಮನೆ ಸೇರುವರು? ಈ ಪ್ರಶ್ನೆಗಳಿಗೆ ಉತ್ತರ ಕೊಡುವಾಗ ಶಾಲೆ ತಾನೇ ತನ್ನನ್ನು ತೂಗಿಕೊಳ್ಳುವುದು. ಕೇಳುವವನೂ ತನ್ನನ್ನು ತೂಗಿಕೊಳ್ಳುವನು. ಉತ್ತರವನ್ನು ಕೇಳಿ ಮನೆಗೆ ಹೋಗಿ ಮಲಗುವುದು ಅವನಿಗೆ ಅಷ್ಟು ಸುಲಭವಾಗಲಾರದು.

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋದವರಿಗೆ ಒಂದು ನೋಟ ಕಾಣುವುದು. ಹಳದಿಯ ಬಸ್ಸುಗಳು ಹಳ್ಳಿಯ ಮಕ್ಕಳನ್ನು ತುಂಬಿಕೊಂಡು ಪಟ್ಟಣದ ಕಡೆಗೆ ಓಡುತ್ತಿರುವುವು. ಅದೇ ರಸ್ತೆಯ ಅಂಚಿನಲ್ಲಿ ಸಮವಸ್ತ್ರದ ಮಕ್ಕಳು ಊರ ಶಾಲೆಯ ಕಡೆಗೆ ನಡೆಯುತ್ತಿರುವರು. ಬಸ್ಸಿನ ಕಿಟಕಿಯ ಮಗುವಿಗೂ ರಸ್ತೆಯ ಅಂಚಿನ ಮಗುವಿಗೂ ವಯಸ್ಸು ಒಂದೇ. ಬಹುಶಃ ಊರೂ ಒಂದೇ, ಬೀದಿಯೂ ಒಂದೇ. ಇವರಿಬ್ಬರೊಳಗೆ ಭೇದವನ್ನು ಕಾಣುವುದು ಕಣ್ಣಿನ ಕೆಲಸ. ಆ ಭೇದವನ್ನು ಕಂಡಮೇಲೆ, ನಡೆಯುತ್ತಿರುವ ಮಗು ತಲಪುವ ಶಾಲೆಯಲ್ಲಿ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದಿರುವಂತೆಯೂ ಒಳಗೆ ಕಲಿಸುವವರಿರುವಂತೆಯೂ ನೋಡಿಕೊಳ್ಳುವುದು ವಿವೇಕದ ಕೆಲಸ. ತಾರತಮ್ಯವೆಂಬ ಶಬ್ದಕ್ಕೆ ಅದರ ಹಳೆಯ ಅರ್ಥವು ಹಿಂದಿರುಗಬೇಕಾದರೆ ಅದಕ್ಕೆ ಬೇರೆ ದಾರಿಯಿಲ್ಲ.